ನಕ್ಷೆಯ ವಿದ್ಯೆಯಿಂದ ಹೊಲಕ್ಕೇನು ಲಾಭ?



"ಮಗಳು ಭೌಗೋಳಿಕ ಮಾಹಿತಿ ವಿಜ್ಞಾನ ಓದಲು ವಿಶ್ವವಿದ್ಯಾನಿಲಯಕ್ಕೆ ಹೋಗುತ್ತೇನೆ ಎನ್ನುತ್ತಾಳೆ, ಅದರಿಂದ ಹೊಲಕ್ಕೇನು ಲಾಭ?" ಎಂದು ನಿಮ್ಮಲ್ಲೊಬ್ಬರು ಕೇಳಿದಿರಿ. ಕೇಳಬೇಕಾದ ಮಾತೇ.

ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು 5 ದಿನಕ್ಕೊಮ್ಮೆ ನಮ್ಮ ನೆಲದ ಚಿತ್ರ ತೆಗೆಯುತ್ತವೆ. ಚಿತ್ರದ ಒಂದು ಚುಕ್ಕೆ 10 ಮೀಟರು ಉದ್ದ, 10 ಮೀಟರು ಅಗಲ. ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಚಿತ್ರ ಪುಕ್ಕಟೆ, ಓದಬಲ್ಲವರು ಬೇಕು. ಅದರೊಡನೆ ಇಳಿಜಾರು, ಮಣ್ಣು, ಹಳ್ಳಗಳ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡಿದರೆ ಮಳೆನೀರು ಎತ್ತ ಹರಿದೀತು, ಯಾವ ಹೊಲದ ಮಣ್ಣು ಕೊಚ್ಚಿಹೋದೀತು, ಒಡ್ಡು ಎಲ್ಲಿ ಹಾಕಬೇಕು ಎಂಬುದನ್ನು ಮೊದಲೇ ಅಂದಾಜು ಮಾಡಬಹುದು. ತಪ್ಪು ಜಾಗದ ಒಡ್ಡು ಒಂದೇ ಮಳೆಗೆ ಒಡೆದದ್ದನ್ನು ನೀವೇ ಕಂಡಿದ್ದೀರಿ.

ಆದರೆ ಊರ ಬಾವಿ ಯಾವ ವರ್ಷ ಬತ್ತಿತೆಂಬುದು ಚಿತ್ರದಲ್ಲಿಲ್ಲ. ಅದು ನಿಮಗೆ ಗೊತ್ತು. ಮಗಳನ್ನು ಓದಲು ಕಳಿಸಿರಿ. ರಜೆಗೆ ಬಂದಾಗ ಅವಳೊಡನೆ ಬದುವಿನ ಮೇಲೆ ನಡೆಯಿರಿ, ಗೊತ್ತಿದ್ದುದನ್ನು ಹೇಳಿಕೊಡಿರಿ.