ಕೂಸಿನ ಉಸಿರು

ಚಳಿಗಾಲದ ಒಂದು ಬೆಳಗ್ಗೆ ಅಜ್ಜಿಯೊಬ್ಬರು ನಾಲ್ಕು ತಿಂಗಳ ಮೊಮ್ಮಗನನ್ನು ಶಾಲಿನಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ಬಂದರು. “ನೆಗಡಿ ಡಾಕ್ಟರೇ, ಮೂರು ದಿನವಾಯಿತು. ರಾತ್ರಿಯಿಂದ ಹಾಲು ಕುಡಿಯುತ್ತಿಲ್ಲ, ಅದಕ್ಕೇ ತಂದೆ” ಎಂದರು. ಶಾಲು ಬಿಚ್ಚಿದೆ. ಉಸಿರೆಳೆದಾಗಲೆಲ್ಲ ಕೂಸಿನ ಎದೆಯ ಕೆಳಭಾಗ ಒಳಕ್ಕೆ ಸೇದುತ್ತಿತ್ತು. ಗಡಿಯಾರ ಹಿಡಿದು ಎಣಿಸಿದರೆ ನಿಮಿಷಕ್ಕೆ 68 ಉಸಿರು. ಅದು ಬರಿಯ ನೆಗಡಿಯಲ್ಲ, ನ್ಯುಮೋನಿಯ. ಆರು ದಿನ ಆಸ್ಪತ್ರೆಯಲ್ಲಿದ್ದು ಮಗು ಉಳಿಯಿತು.

ಉಳಿಯದ ಮಕ್ಕಳೂ ಬಹಳ. 2019ರಲ್ಲಿ ಐದು ವರ್ಷದೊಳಗಿನ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ಈ ರೋಗದಿಂದ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಒಂದೇ ಬೀದಿಯ ಎರಡು ಕೂಸುಗಳಲ್ಲಿ ಒಂದಕ್ಕೆ ಎರಡು ದಿನದ ಸೀನು, ಇನ್ನೊಂದಕ್ಕೆ ಆಸ್ಪತ್ರೆ, ಏಕೆ? ನಾವು ಚಳಿಗಾಳಿಯನ್ನು ದೂರುತ್ತೇವೆ. ಚಳಿಗೆ ಹೆದರಿ ಕಿಟಕಿ ಮುಚ್ಚಿ ಐದಾರು ಜನ ಒಂದೇ ಕೋಣೆಯಲ್ಲಿ ಮಲಗುತ್ತೇವೆ. ಅವರಲ್ಲಿ ಕೆಮ್ಮುವವರು ಒಬ್ಬರಿದ್ದರೆ ಸಾಕು, ರೋಗಾಣು ಕೂಸಿಗೆ ತಲಪುತ್ತದೆ.

ಆ ಅಜ್ಜಿಯನ್ನು ಮನೆಯ ವಿಚಾರ ಕೇಳಿದೆ. ಹುಟ್ಟಿದಾಗ ಮಗು ಎರಡು ಕಿಲೋ. ಎರಡೂವರೆಗಿಂತ ಕಡಮೆಯಿದ್ದರೆ ಅಪಾಯ ಹೆಚ್ಚು. ಎರಡನೆಯ ತಿಂಗಳಿಂದಲೇ ಹಸುವಿನ ಹಾಲಿನ ಸೀಸೆ. ತಂದೆ ಒಳಗೇ ಕುಳಿತು ಬೀಡಿ ಸೇದುತ್ತಾನೆ. ನಿತ್ಯ ಎಣ್ಣೆನೀರು, ಆಗ ಮೂಗಿಗೆ ಎರಡು ತೊಟ್ಟು ಎಣ್ಣೆ, ಆಮೇಲೆ ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ. ಅಜ್ಜಿ ಇದನ್ನು ಅಕ್ಕರೆಯಿಂದಲೇ ಮಾಡಿದ್ದು. ನನ್ನ ಅಜ್ಜಿಯೂ ನನಗೆ ಮಾಡಿದ್ದರಂತೆ.

ಆದರೆ ಮೂಗಿಗೆ ಬಿಟ್ಟ ಎಣ್ಣೆ ಕೆಮ್ಮನ್ನೂ ಬರಿಸದೆ ಮೆಲ್ಲನೆ ಶ್ವಾಸಕೋಶಕ್ಕೆ ಜಾರಬಲ್ಲದು. ಅಲ್ಲಿ ಕರಗದೆ ನಿಂತು ಉರಿಯೂತ ತರುತ್ತದೆ. ಇನ್ನು ಹೊಗೆ. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ರೋಮಗಳಿವೆ. ಕಸಪೊರಕೆಯಂತೆ ಅವು ಧೂಳನ್ನೂ ಕಫವನ್ನೂ ಮೇಲಕ್ಕೆ ತಳ್ಳುತ್ತಿರುತ್ತವೆ. ಬೀಡಿಯದಾಗಲಿ, ಸೌದೆಯದಾಗಲಿ, ಸಾಂಬ್ರಾಣಿಯದಾಗಲಿ, ಹೊಗೆ ಈ ಪೊರಕೆಯನ್ನು ಕೆಡಿಸುತ್ತದೆ. ಕೂಸಿನ ನಾಳವೋ ಬಲು ಕಿರಿದು. ತುಸು ಊದಿದರೂ ದಾರಿ ಕಟ್ಟುತ್ತದೆ.

ಗ್ಯಾಸ್ ಒಲೆ ಬಂದಿತಲ್ಲ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ತಮಿಳುನಾಡೂ ಸೇರಿ ನಾಲ್ಕು ದೇಶಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸೌದೆ ಬಿಟ್ಟು ಗ್ಯಾಸ್ ಹಿಡಿದ ಮನೆಗಳಲ್ಲಿ ಕೂಸುಗಳ ತೀವ್ರ ನ್ಯುಮೋನಿಯ ಗಣನೀಯವಾಗಿ ಇಳಿಯಲಿಲ್ಲ. ಹೊಗೆಯಿಲ್ಲದ ಅಡಿಗೆಮನೆ ಬೇಡವೆಂದು ಇದರ ಅರ್ಥವಲ್ಲ. ಒಂದು ಬಾಗಿಲು ಮುಚ್ಚಿದರೆ ರೋಗ ಇನ್ನೊಂದರಿಂದ ಬರುತ್ತದೆ.

ಮೊದಲ ಆರು ತಿಂಗಳು ತಾಯಿಹಾಲೊಂದೇ ಸಾಕು, ನೀರೂ ಬೇಡ. ಲಸಿಕೆಯನ್ನು ಆ ಮನೆಯವರು ಒಮ್ಮೆ ಜ್ವರ ಬಂತೆಂದು ನಿಲ್ಲಿಸಿದ್ದರು. ನ್ಯುಮೋಕಾಕಸ್ ಲಸಿಕೆ 2021ರಲ್ಲಿ ದೇಶದಾದ್ಯಂತ ಸರಕಾರದ ಪಟ್ಟಿಗೆ ಸೇರಿತು. 6ನೆಯ ವಾರ, 14ನೆಯ ವಾರ, 9ನೆಯ ತಿಂಗಳಿಗೆ ಪುಕ್ಕಟೆಯಾಗಿ ಹಾಕುತ್ತಾರೆ. ದಡಾರದ ಬೆನ್ನಿಗೂ ನ್ಯುಮೋನಿಯ ಬರುವುದರಿಂದ ಅದರ ಲಸಿಕೆಯನ್ನೂ ಬಿಡಬಾರದು.

ಕೇಳುತ್ತಿರುವ ತಾಯಂದಿರೇ, ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದವರೆಗೆ 40. ಎಣಿಕೆ ಅಷ್ಟು ಅಥವಾ ಮೇಲಿದ್ದರೆ ವೈದ್ಯರಿಗೆ ತೋರಿಸಿ. ಎದೆ ಒಳಸೇದುತ್ತಿದ್ದರೆ, ಹಾಲು ಬಿಟ್ಟಿದ್ದರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.