'ಪ್ರಕೃತಿ ವಿಕೋಪ' ಎಂಬ ಮಾತಿನ ಮರೆಯಲ್ಲಿ
(ಮುಂಬಯಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಹವಾಮಾನದ ಬದಲಾವಣೆ ಮನುಷ್ಯನ ಬದುಕನ್ನು ಹೇಗೆ ಪಲ್ಲಟಗೊಳಿಸುತ್ತಿದೆ ಎಂಬುದರ ಕುರಿತು ಮಾತನಾಡಬೇಕೆಂದು ಸಂಘದವರು ನನ್ನನ್ನು ಕೇಳಿಕೊಂಡಿದ್ದಾರೆ. ನಾನು ವಿಜ್ಞಾನಿಯಲ್ಲ, ಸಾಹಿತ್ಯದ ವಿದ್ಯಾರ್ಥಿ. ವಿಜ್ಞಾನಿಗಳು ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡಿದ್ದಾರೆ. ಅವರು ಹೇಳಿದ್ದನ್ನು ನಮ್ಮ ಸಮಾಜ ಯಾವ ಮಾತಿಗೆ ಇಳಿಸಿಕೊಂಡಿದೆ ಎಂಬುದು ನನ್ನ ಕಾಳಜಿ.

ಆ ಮಾತು 'ಪ್ರಕೃತಿ ವಿಕೋಪ'. ನೆರೆ ಬರಲಿ, ಬರ ಬೀಳಲಿ, ಗುಡ್ಡ ಕುಸಿಯಲಿ, ನಮ್ಮ ಪ್ರಭುತ್ವವೂ ಪತ್ರಿಕೆಗಳೂ ಬಳಸುವುದು ಇದನ್ನೇ. ಮುನಿದದ್ದು ಪ್ರಕೃತಿ ಎಂದಮೇಲೆ ಮನುಷ್ಯರಲ್ಲಿ ಯಾರನ್ನೂ ಪ್ರಶ್ನಿಸುವಂತಿಲ್ಲ. ಪರಿಹಾರದ ಚೆಕ್ಕು ಹಂಚಿದರೆ ಕರ್ತವ್ಯ ಮುಗಿಯಿತು. ಈ ಮಾತಿನ ಮರೆಯಲ್ಲಿ ಅಡಗಿರುವುದೇನು ಎಂಬುದನ್ನು ಇಂದು ನಿಮ್ಮೊಡನೆ ನೋಡಬಯಸುತ್ತೇನೆ.

ಈ ನಗರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿಲಿಮೀಟರ್ ಮಾತ್ರ. ಮಹಾರಾಷ್ಟ್ರದಲ್ಲಿ ಆ ಮಳೆಗೆ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಅಂಥ ಮಳೆಯನ್ನು ಯಾವ ನಗರದ ಚರಂಡಿಯೂ ತಾಳಲಾರದು ಎಂಬ ವಾದವಿದೆ, ಅದು ಸುಳ್ಳಲ್ಲ. ಆದರೆ ನಗರದ ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನಷ್ಟೇ ಹೊರಹಾಕಬಲ್ಲವು, ಅವುಗಳನ್ನು ಹಿಗ್ಗಿಸಬೇಕು ಎಂಬ ಯೋಜನಾ ವರದಿ 1993ರಲ್ಲಿಯೇ ಸಿದ್ಧವಾಗಿತ್ತು. ಹನ್ನೆರಡು ವರ್ಷ ಅದರ ಬಹುಭಾಗ ಕಾಗದದಲ್ಲಿಯೇ ಉಳಿಯಿತು. ವಿಹಾರ ಮತ್ತು ಪೊವಾಯಿ ಕೆರೆಗಳ ಕೋಡಿ ನೀರನ್ನು ಮಾಹಿಮ್ ಕೊಲ್ಲಿಗೆ ಒಯ್ಯುವ ಮೀಠಿ ನದಿಯನ್ನು ವಿಮಾನ ನಿಲ್ದಾಣದ ಓಡುಪಥಕ್ಕಾಗಿ ಮೂಲೆಮೂಲೆಗೆ ತಿರುಗಿಸಲಾಗಿತ್ತು. ನೀರು ನಿಲ್ಲುವ ಜೌಗುನೆಲವನ್ನು ತುಂಬಿ ಬಾಂದ್ರಾ-ಕುರ್ಲಾ ಸಂಕೀರ್ಣವನ್ನು ಎಬ್ಬಿಸಲಾಗಿತ್ತು. ದಡದ ಕಾಂಡ್ಲಾ ಕಾಡು ಕರಗುತ್ತ ಬಂದಿತ್ತು. ಮಳೆಯನ್ನು ಸುರಿಸಿದ್ದು ಮುಗಿಲು. ನೀರಿಗೆ ದಾರಿ ಇಲ್ಲದಂತೆ ಮಾಡಿದ್ದು ರುಜು ಹಾಕಿದ ಕೈಗಳು.

ಈಗ ಮುಗಿಲಿನ ಮಾತೂ ಹಾಗೇ ಉಳಿದಿಲ್ಲ. ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ ಭೂಮಿ 2011-2020ರ ದಶಕದಲ್ಲಿ ಸರಾಸರಿ 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿತ್ತು. ಗಾಳಿ ಒಂದು ಡಿಗ್ರಿ ಕಾವೇರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಮಧ್ಯಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ ಎಂಬುದನ್ನು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ನೇತೃತ್ವದ ಅಧ್ಯಯನ 2017ರಲ್ಲಿ ತೋರಿಸಿತು. ಆ ಮಳೆಗೆ ಬೇಕಾದ ತೇವವನ್ನು ಹೊತ್ತು ತರುವುದರಲ್ಲಿ ನಮ್ಮ ಅರಬ್ಬೀ ಸಮುದ್ರದ ಮೇಲಿನ ಗಾಳಿಯ ಪಾತ್ರ ಹಿರಿದು.

ಇದರ ಪೆಟ್ಟು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ನಮ್ಮ ಒಕ್ಕಲಿಗನಿಗೆ ನಕ್ಷತ್ರವೂ ಮಳೆಯೂ ಬೇರೆಬೇರೆಯಾಗಿರಲಿಲ್ಲ. ರೋಹಿಣಿ, ಮೃಗಶಿರ, ಆರಿದ್ರೆ ಎಂದರೆ ಮಳೆಗಳ ಹೆಸರೇ; ಬಿತ್ತನೆಯ ಲೆಕ್ಕವೇ. ಇಂದು ಪಂಚಾಂಗದಲ್ಲಿ ನಕ್ಷತ್ರ ತಪ್ಪದೆ ಬರುತ್ತದೆ, ಮಳೆ ಬರುವುದಿಲ್ಲ. ಬಂದರೆ ಬಿತ್ತಿದ ಬೀಜವನ್ನೂ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ದೇಶದ ಮುಂಗಾರು ಶೇಕಡಾ 22ರಷ್ಟು ಕೊರತೆ ಕಂಡ 2009ರಲ್ಲಿಯೇ, ಮಳೆಗಾಲದ ಕೊನೆಗೆ, ಉತ್ತರ ಕರ್ನಾಟಕದಲ್ಲಿ ನೆರೆ ಬಂದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟಿನಲ್ಲಿ ಕೃಷ್ಣೆ ಮತ್ತು ಅದರ ಉಪನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆಗಳ ಊರುಗಳು ಮುಳುಗಿದವು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ನೆರೆಯಲ್ಲಿ ಮನೆ ಕಳೆದುಕೊಂಡ ಸೀಮೆಯೇ ನಾಲ್ಕು ವರ್ಷದೊಳಗೆ ಕುಡಿಯುವ ನೀರಿಗೆ ಕೊಡ ಹಿಡಿದು ನಿಂತಿತು.

ಆಗ ಅಲ್ಲಿಯ ಜನ ಮಾಡುವುದೇನು? ಅದಕ್ಕೆ ನಮ್ಮ ಭಾಷೆಯಲ್ಲಿ 'ಗುಳೆ' ಎಂಬ ಪದವಿದೆ. ವಲಸೆಯಲ್ಲಿ ಆಯ್ಕೆಯ ಛಾಯೆಯಾದರೂ ಇದ್ದೀತು; ಗುಳೆಯಲ್ಲಿ ಅದಿಲ್ಲ. ವಿಜಯಪುರ, ಕಲಬುರಗಿ, ಯಾದಗಿರಿಗಳ ಹಳ್ಳಿಗಳಿಂದ, ಲಂಬಾಣಿ ತಾಂಡಾಗಳಿಂದ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಮಕ್ಕಳ ಶಾಲೆ ಬಿಡಿಸಿ, ಜನ ಈ ಮುಂಬಯಿಗೆ, ಪುಣೆಗೆ, ಗೋವೆಗೆ ಬರುತ್ತಾರೆ. ಇಲ್ಲಿಯ ಗಗನಚುಂಬಿಗಳಿಗೆ ಕಾಂಕ್ರೀಟು ಹೊರುವವರು ಅವರು. ಮಳೆ ಬಂದಾಗ ಮೊದಲು ನೀರು ನುಗ್ಗುವುದು ನಾಲೆಯ ದಡದ ಅವರ ಗುಡಿಸಲಿಗೆ. ಬಿಸಿಲು ಏರಿದಾಗ ಮೊದಲು ಬೇಯುವುದು ತಗಡಿನ ಸೂರಿನಡಿಯ ಅವರ ದೇಹ. ಮನುಷ್ಯನ ಮೈ ತಣಿಯುವುದು ಬೆವರು ಆರುವುದರಿಂದ. ಕಡಲತೀರದ ತೇವಗಾಳಿಯಲ್ಲಿ ಬೆವರು ಆರುವುದಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಬಯಲಿನಲ್ಲಿ ನಡೆದ ಪ್ರಶಸ್ತಿ ಸಮಾರಂಭಕ್ಕೆ ಬಂದ ಜನರಲ್ಲಿ 14 ಮಂದಿ ಬಿಸಿಲಾಘಾತದಿಂದ ಸತ್ತರು. ಅದು ಕೆಲವೇ ಗಂಟೆಗಳ ಬಿಸಿಲು. ದಿನವಿಡೀ, ತಿಂಗಳುಗಟ್ಟಲೆ ಅದರಡಿ ದುಡಿಯುವವರ ಸಾವು ಯಾವ ಸುದ್ದಿಯ ಅಂಕಣಕ್ಕೂ ಏರುವುದಿಲ್ಲ.

ಈ ಕಾವಿಗೆ ಶ್ರೀಮಂತ ದೇಶಗಳೇ ಹೊಣೆಯೆಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಅವುಗಳ ಚಾರಿತ್ರಿಕ ಪಾಲು ದೊಡ್ಡದೆಂಬುದು ನಿಜ. ಆದರೆ ಮೀಠಿಯ ದಡವನ್ನು ತುಂಬಿರೆಂದು ಯಾವ ಹೊರದೇಶವೂ ಆಜ್ಞೆ ಮಾಡಿರಲಿಲ್ಲ. ಏನೂ ಮಾಡಲಾಗದೆಂಬ ನಿರಾಶೆಗೂ ಆಧಾರವಿಲ್ಲ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಎಂದಿನದಕ್ಕಿಂತ ಸಾವಿರಕ್ಕೂ ಹೆಚ್ಚು ಸಾವುಗಳನ್ನು ಕಂಡ ಅಹಮದಾಬಾದು, 2013ರಲ್ಲಿ ಬಿಸಿಲನ್ನು ಎದುರಿಸುವ ಕಾರ್ಯಯೋಜನೆಯನ್ನು ರೂಪಿಸಿತು. ಮುನ್ನೆಚ್ಚರಿಕೆ, ವೈದ್ಯರಿಗೆ ತರಬೇತಿ, ಕುಡಿಯುವ ನೀರು, ನೆರಳು ಎಂಬ ಸರಳ ಸಂಗತಿಗಳೇ ಅದರಲ್ಲಿರುವುದು. 2024ರ ಮಾರ್ಚ್ 21ರಂದು ಸರ್ವೋಚ್ಚ ನ್ಯಾಯಾಲಯ, ಹಕ್ಕಿಗಳ ಉಳಿವಿಗಾಗಿ ಹೂಡಿದ್ದ ಮೊಕದ್ದಮೆಯಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿ ಬದುಕುವುದು ಸಂವಿಧಾನದ 14 ಮತ್ತು 21ನೆಯ ವಿಧಿಗಳು ಕೊಡುವ ಹಕ್ಕು ಎಂದು ಹೇಳಿತು. ಎಲ್ಲಿ ಹಕ್ಕಿದೆಯೋ ಅಲ್ಲಿ ಉತ್ತರ ಕೊಡಬೇಕಾದವನೂ ಇದ್ದಾನೆ. 'ವಿಕೋಪ' ಎಂಬ ಮಾತು ಇನ್ನು ಸಾಲದು.

ಕೊನೆಯದಾಗಿ ನಮ್ಮ ಸಂಘಗಳ ಮಾತು. ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದ ಪರಂಪರೆ ಮುಂಬಯಿ ಕನ್ನಡಿಗರದು. ಇಂದು ಗುಳೆ ಬಂದಿರುವವರ ಮಕ್ಕಳೂ ಕನ್ನಡದ ಮಕ್ಕಳೇ. ನಮ್ಮ ರಾಜ್ಯೋತ್ಸವದ ವೇದಿಕೆಗಳ ಮುಂದೆ ಅವರು ಕಾಣುವುದಿಲ್ಲ. ಸದಸ್ಯತ್ವದ ಪಟ್ಟಿಯಲ್ಲಿಯೂ ಇಲ್ಲ. ಅವರು ದುಡಿಯುವ ಸ್ಥಳದಲ್ಲಿ ನೆರಳು, ನೀರು, ನಡುಹಗಲಿನ ಬಿಡುವು ಇವೆಯೇ ಎಂದು ಗುತ್ತಿಗೆದಾರರನ್ನು ಕೇಳಲು, ಅವರ ಅರ್ಜಿಗಳನ್ನು ಇಲ್ಲಿಯ ಭಾಷೆಯಲ್ಲಿ ಬರೆದುಕೊಡಲು, ಮಳೆ ಬಿಸಿಲುಗಳ ಮುನ್ಸೂಚನೆಯನ್ನು ಕನ್ನಡದಲ್ಲಿ ಅವರ ಕಿವಿಗೆ ಮುಟ್ಟಿಸಲು ನಮಗೆ ಹೆಚ್ಚಿನ ಹಣ ಬೇಕಾಗಿಲ್ಲ. ಮುಂದಿನ ಬೇಸಿಗೆಗೆ ಮೊದಲು ಸಂಘದ ಕಾರ್ಯಕಾರಿ ಸಮಿತಿ ಇದೊಂದನ್ನು ತನ್ನ ಕಲಾಪಗಳಲ್ಲಿ ಸೇರಿಸಿಕೊಳ್ಳಲಿ ಎಂದು ಕೋರಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.