ಉಸ್ತುವಾರಿಯ ಹೊಣೆ: ಯಾವುದನ್ನು ವಹಿಸಬಹುದು, ಯಾವುದನ್ನು ವಹಿಸಲಾಗದು

ಕಾನೂನು ಒಬ್ಬರಿಗೆ ಕೊಟ್ಟ ಅಧಿಕಾರವನ್ನು ಅವರು ತಮ್ಮ ಕೈಕೆಳಗಿನವರಿಗೆ ವಹಿಸಿಕೊಟ್ಟು, ಅದರ ಫಲಾಫಲಗಳಿಗೆ ತಾವೇ ಉತ್ತರದಾಯಿಗಳಾಗಿ ಉಳಿಯುವುದನ್ನು ಆಡಳಿತಶಾಸ್ತ್ರ ಅಧಿಕಾರ ಪ್ರತ್ಯಾಯೋಜನೆ ಎಂದು ಕರೆಯುತ್ತದೆ. ಹಾಗೆ ವಹಿಸಿಕೊಂಡವರು ಕೆಲಸವನ್ನು ಸರಿಯಾಗಿ ಮಾಡಿದರೇ ಎಂದು ಪರಿಶೀಲಿಸಲು ಇರುವುದೇ ಉಸ್ತುವಾರಿ ಸಮಿತಿ. ಕೆಲಸವನ್ನು ವಹಿಸಿಕೊಡುವ ಮುಖ್ಯಸ್ಥರು ಆ ಕೆಲಸದ ಮೇಲಿನ ಉಸ್ತುವಾರಿಯನ್ನೂ ವಹಿಸಿಕೊಡಬಹುದೇ ಎಂಬುದು ಈ ವಿಚಾರಸಂಕಿರಣದ ಮುಂದಿರುವ ಪ್ರಶ್ನೆ.

ಪ್ರಶ್ನೆ ಪುಸ್ತಕದ್ದಲ್ಲ. ಆರು ತಾಲ್ಲೂಕುಗಳ ಚಿತ್ರದುರ್ಗ ಜಿಲ್ಲೆಯಲ್ಲಿ ಬರ ಪರಿಹಾರದಿಂದ ಹಿಡಿದು ಹೊಳಲ್ಕೆರೆ, ಹೊಸದುರ್ಗ ಭಾಗದ ಗಣಿಬಾಧಿತ ಹಳ್ಳಿಗಳ ಅಭಿವೃದ್ಧಿಯವರೆಗೆ ಒಂದೊಂದಕ್ಕೂ ಒಂದು ಸಮಿತಿಯಿದ್ದು, ಅವುಗಳಲ್ಲಿ ಹಲವಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರಾಗಿರುವುದರಿಂದ, ಒಬ್ಬರ ದಿನಚರಿಯಲ್ಲಿ ಅಷ್ಟೂ ಸಭೆಗಳು ಹಿಡಿಸುವುದಿಲ್ಲ. ಆದ್ದರಿಂದ ಪ್ರತಿನಿಧಿಗಳನ್ನು ಕಳಿಸುವ ರೂಢಿ ಬೆಳೆದಿದೆ. ಕೆಡಿಪಿ, ಅಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ, ಸಭೆಗಳಲ್ಲಿ ಇಲಾಖೆಯ ಮುಖ್ಯಸ್ಥರ ಪರವಾಗಿ ಬಂದವರು 'ಮೇಲಧಿಕಾರಿಗಳ ಗಮನಕ್ಕೆ ತರಲಾಗುವುದು' ಎಂದು ಹೇಳಿ ಕುಳಿತುಕೊಂಡರೆ, ಮುಂದಿನ ಅನುಪಾಲನಾ ವರದಿಯಲ್ಲಿ, ಅಂದರೆ ಹಿಂದಿನ ಸಭೆಯ ಸೂಚನೆಗಳು ಎಷ್ಟು ಜಾರಿಯಾದವು ಎಂದು ತಿಳಿಸುವ ವರದಿಯಲ್ಲಿ, ಅದೇ ವಾಕ್ಯ ಮತ್ತೆ ಬರುತ್ತದೆ.

ಈ ವಿಷಯದಲ್ಲಿ ಕಾನೂನು ಮೌನವಾಗಿಲ್ಲ ಎಂಬುದನ್ನು ಗಮನಿಸಬೇಕು. 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆಯ 13ನೆಯ ಪ್ರಕರಣ ಜಿಲ್ಲಾ ಜಾಗೃತಿ ಸಮಿತಿಗೆ ಜಿಲ್ಲಾ ದಂಡಾಧಿಕಾರಿ ಇಲ್ಲವೇ ಅವರು ನಾಮನಿರ್ದೇಶನ ಮಾಡಿದವರು ಅಧ್ಯಕ್ಷರಾಗಬಹುದೆಂದು ಬಾಯಿಬಿಟ್ಟು ಹೇಳಿತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಗೆ 1995ರಲ್ಲಿ ಬಂದ ನಿಯಮಗಳಾಗಲಿ, ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಾಗಲಿ, ಜಿಲ್ಲಾ ಜಾಗೃತಿ ಸಮಿತಿಯ ಅಧ್ಯಕ್ಷತೆಯ ವಿಷಯದಲ್ಲಿ ಪ್ರತಿನಿಧಿಯ ಮಾತನ್ನೇ ಎತ್ತುವುದಿಲ್ಲ. 1995ರ ನಿಯಮಗಳ ಪ್ರಕಾರ ಈ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸಮಾಜ ಕಲ್ಯಾಣ ಅಧಿಕಾರಿ ಅದರ ಸದಸ್ಯ ಕಾರ್ಯದರ್ಶಿ, ಪೊಲೀಸ್ ವರಿಷ್ಠಾಧಿಕಾರಿ, ಶಾಸಕರು, ಸಂಸದರು ಸದಸ್ಯರು. ಪ್ರಕರಣ ದಾಖಲಾಗಲು ತಡವಾದದ್ದೇಕೆ, ದೋಷಾರೋಪ ಪಟ್ಟಿ ಸಲ್ಲಿಕೆಯಾಗದ್ದೇಕೆ, ನೊಂದವರಿಗೆ ಪರಿಹಾರ ಸೇರದಿದ್ದುದೇಕೆ ಎಂದು ಅಲ್ಲಿ ಕೇಳಬೇಕಾದದ್ದು ಆ ಅಧಿಕಾರಿಗಳನ್ನೇ. ಅಧ್ಯಕ್ಷ ಪೀಠದಲ್ಲಿ ಕಿರಿಯ ಅಧಿಕಾರಿಯೊಬ್ಬರನ್ನು ಕೂರಿಸಿದರೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ಪೊಲೀಸ್ ವರಿಷ್ಠಾಧಿಕಾರಿಗೆ ಆ ಪ್ರಶ್ನೆ ಹಾಕಿ ಉತ್ತರ ಪಡೆಯುವ ಬಲ ಅವರಿಗಿರುವುದಿಲ್ಲ. ನಡವಳಿಯಲ್ಲಿ ಸಭೆ ನಡೆದಿರುತ್ತದೆ, ಉಸ್ತುವಾರಿ ನಡೆದಿರುವುದಿಲ್ಲ.

2023ರ ಜುಲೈ ಕೊನೆ ಮತ್ತು ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಆ ನೋವಿನ ಮುಂದೆ ಆಡಳಿತಶಾಸ್ತ್ರದ ಪರಿಭಾಷೆ ಬಹಳ ಚಿಕ್ಕದು. ಆದರೂ ಒಂದು ವಿವೇಚನೆ ಅನಿವಾರ್ಯ. ಟ್ಯಾಂಕ್ ತೊಳೆಯುವುದು, ನೀರಿನ ಮಾದರಿ ತೆಗೆಯುವುದು, ಪ್ರಯೋಗಾಲಯಕ್ಕೆ ಕಳಿಸುವುದು ಇವೆಲ್ಲ ವಹಿಸಿಕೊಡಬೇಕಾದ ಕೆಲಸಗಳೇ. ಯಾವ ಬಡಾವಣೆಯ ಮಾದರಿ ಪರೀಕ್ಷೆಯಾಗಿಲ್ಲ, ಯಾವ ವರದಿಯ ಮೇಲೆ ಕ್ರಮವಾಗಿಲ್ಲ ಎಂದು ವಿಚಾರಿಸುವ ಹೊಣೆ ಮಾತ್ರ ಮೇಲಿನವರಲ್ಲೇ ಉಳಿಯಬೇಕು, ಏಕೆಂದರೆ ತನ್ನ ಲೋಪವನ್ನು ತಾನೇ ಎತ್ತಿ ತೋರಿಸುವ ಇಲಾಖೆ ಅಪರೂಪ.

ಹಾಗೆಂದು ಎಲ್ಲ ಪೀಠಗಳನ್ನೂ ಒಬ್ಬರ ತಲೆಗೆ ಕಟ್ಟುವುದು ಪರಿಹಾರವಲ್ಲ. 2015ರಲ್ಲಿ ಗಣಿ ಕಾಯ್ದೆಗೆ ಬಂದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದರೆ ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶ ಮತ್ತು ಜನರ ಹಿತಕ್ಕಾಗಿ ಗಣಿ ಗುತ್ತಿಗೆದಾರರ ವಂತಿಗೆಯನ್ನು ಬಳಸುವ ಸಂಸ್ಥೆ, ರೂಪುಗೊಂಡಿತು; ಅದರ ಆಡಳಿತ ಮಂಡಳಿಗೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರಾಗಿರಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ಸೂಚಿಸಿತು. ಹಣ ಮಂಜೂರು ಮಾಡುವ ಸಭೆಗೂ ಅವರೇ, ಆ ಹಣದ ಬಳಕೆಯನ್ನು ವಿಚಾರಿಸುವ ಸಭೆಗೂ ಅವರೇ ಎಂದಾದಾಗ, ದೂಳು ಕುಡಿಯುವ ಹಳ್ಳಿಗಳ ಗ್ರಾಮಸಭೆಗೆ ಮತ್ತು ಸಾಮಾಜಿಕ ಲೆಕ್ಕಪರಿಶೋಧನೆಗೆ, ಅಂದರೆ ಫಲಾನುಭವಿಗಳೇ ಖರ್ಚುವೆಚ್ಚವನ್ನು ಪರಿಶೀಲಿಸುವ ಕ್ರಮಕ್ಕೆ, ಹೆಚ್ಚಿನ ಬಲ ಬರಬೇಕಾಗುತ್ತದೆ.

ಆದ್ದರಿಂದ ಮುಂದಿನ ಗೋಷ್ಠಿಗಳು ಮೊದಲು ಸಮಿತಿಗಳ ಪಟ್ಟಿಯನ್ನೇ ಕೈಗೆತ್ತಿಕೊಂಡು, ಕಾಮಗಾರಿಯ ಪ್ರಗತಿಯನ್ನಷ್ಟೇ ನೋಡುವ ಸಭೆಗಳನ್ನು ಲಿಖಿತ ಆದೇಶದ ಮೂಲಕ, ನಿಗದಿತ ಅವಧಿಯಲ್ಲಿ ವರದಿ ಮರಳಿ ಬರುವ ಷರತ್ತಿನೊಂದಿಗೆ, ಆ ಇಲಾಖೆಗೆ ಸೇರದ ಅಧಿಕಾರಿಗೆ ಒಪ್ಪಿಸುವ ಬಗೆಯನ್ನು ಚರ್ಚಿಸಬೇಕು; ಜೀವ, ಘನತೆ ಮತ್ತು ಕುಡಿಯುವ ನೀರಿಗೆ ಸಂಬಂಧಿಸಿದ ಕೆಲವೇ ಸಮಿತಿಗಳಲ್ಲಿ ಮುಖ್ಯಸ್ಥರ ಗೈರುಹಾಜರಿಯನ್ನು, ಕಾರಣದ ಸಮೇತ, ನಡವಳಿಯ ಮೊದಲ ಸಾಲಿನಲ್ಲೇ ದಾಖಲಿಸುವ ನಿಯಮವನ್ನೂ ಅವು ಪರಿಶೀಲಿಸಬೇಕು.